ಕೂಗಿದರೆ ನಿಲ್ಲುವ ಟಗರು

ಒದ್ದೆ ಕಂಬಳಿಯ ವಾಸನೆ ಈಗಲೂ ನನ್ನನ್ನು ಹುಲಿಕುಂಟೆಯ ಅಜ್ಜಿಯ ಕುರಿದೊಡ್ಡಿಗೆ ಕರೆದೊಯ್ಯುತ್ತದೆ. ನಾನು ಸಿಟ್ಟಾದಾಗೆಲ್ಲ ಚಿಕ್ಕಮ್ಮ, "ಥೇಟ್ ಅವ್ರಪ್ಪನ ರಕ್ತ" ಅನ್ನುತ್ತಿದ್ದಳು. ಅಮ್ಮನಿಗೆ ಹೊಡೆಯುತ್ತಿದ್ದ ಅಪ್ಪನಂತೆಯೇ ನಾನೂ ಆಗಿಬಿಡುತ್ತೇನೆಂದು ಹೆದರಿ, ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಆ ದೊಡ್ಡಿಯಲ್ಲಿ ಅಳುತ್ತಾ ಕೂತಿದ್ದೆ.

ಯಾಕೆ ಅಳುತ್ತಿದ್ದೇನೆಂದು ಕೇಳಿ ತಿಳಿದ ಅಜ್ಜಿ ನನ್ನ ಕೈಯನ್ನು ಒಂದು ಟಗರಿನ ಒರಟು ಉಣ್ಣೆಯ ಮೇಲಿಟ್ಟಳು. "ಇದ್ರಪ್ಪ ಕಂಡೋರ್ನೆಲ್ಲ ಗುದ್ತಿತ್ತು. ಇದು ತಬ್ಬಲಿ ಕಣಮ್ಮ, ಮೇಕೆ ಹಾಲು ಕುಡ್ಕಂಡು ನನ್ ಕೈಯಾಗೆ ಬೆಳೀತು. ಇದ್ಕೂ ಸಿಟ್ಟು ಬತ್ತದೆ. ಆದ್ರೆ ಹೆಸ್ರಿಡಿದು ಕೂಗಿದ್ರೆ ನಿಂತ್ಬುಡ್ತದೆ."

ಸಂಜೆ ತಮ್ಮ ನನ್ನ ಜಡೆ ಎಳೆದ. ಹೊಡೆಯಲು ಕೈಯೆತ್ತಿದೆ.

"ಲೇ ಪುಟ್ಟೀ!" ದೊಡ್ಡಿಯಿಂದಲೇ ಅಜ್ಜಿ ಕೂಗಿದಳು.

ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ನನಗೆ ನಗು ತಡೆಯಲಾಗಲಿಲ್ಲ.