ಗೂಟವಿಲ್ಲದ ಡೇರೆ

"ಇವತ್ತೂ ಏನೂ ಸಿಗಲಿಲ್ವಾ?" ರಸ್ತೆಯ ಎಂಜಿನಿಯರ್ ಬಯಲಿನ ಗುಂಡಿಯೊಳಗೆ ಇಣುಕಿದ.

"ಮಣ್ಣು ಸಿಕ್ಕಿದೆ. ಬೇಕಾ?" ಎಂದಳು ಪುರಾತತ್ವ ತಜ್ಞೆ.

ಅವನ ರಸ್ತೆ ದಿಬ್ಬದ ಮೇಲೆ ನೇರವಾಗಿ ಹಾಯಬೇಕಿತ್ತು. ತಮ್ಮ ಪೂರ್ವಜರ ಸಮಾಧಿಗಳು ಇಲ್ಲೆಲ್ಲೋ ಇವೆಯೆಂದು ಅಲ್ಲಿನ ಮೂಲನಿವಾಸಿಗಳು ಕೋರ್ಟಿಗೆ ಹೋಗಿದ್ದರು. ಅಗೆದು ನೋಡದೆ ರಸ್ತೆ ಹಾಕುವಂತಿಲ್ಲ. ಮೂಳೆ ಸಿಕ್ಕರೆ ಅದು ನಗರದ ಮ್ಯೂಸಿಯಂಗೆ. ಏನೂ ಸಿಗದಿದ್ದರೆ ಆ ಜಾಗ ರಸ್ತೆಗೆ. ಎಲ್ಲಿ ಅಗೆಯಬೇಕೆಂದು ಹೇಳುವ ಹಕ್ಕು ಮಾತ್ರ ಆ ಮೂಲನಿವಾಸಿಗಳ ಪೈಕಿ ಹಿರಿಯಳಾದ ಅಜ್ಜಿಯದು.

ಅಜ್ಜಿ ದಿನವಿಡೀ ದಿಬ್ಬದ ಮೇಲಿನ ಡೇರೆಯಲ್ಲಿ ಚಾಪೆ ಹಾಸಿ ಕೂತು, ಕೆಳಗಿನ ಬಯಲಿಗೇ ಕೈ ತೋರಿಸುತ್ತಿದ್ದಳು. ಮಹಾ ಹಟಮಾರಿ. ಗೂಟ ಬಡಿದರೆ ತಲೆ ಸಿಡಿಯುತ್ತದೆಂದು ಡೇರೆಯ ಹಗ್ಗಗಳನ್ನು ಮರಳಿನ ಚೀಲಗಳಿಗೆ ಕಟ್ಟಿಸಿದ್ದಳು. ಧೂಳಾಗುತ್ತದೆಂದು ಬಂದವರ ಬೂಟು ಹೊರಗೇ ಬಿಡಿಸುತ್ತಿದ್ದಳು.

"ಅಜ್ಜಿ, ಈ ದಿಬ್ಬ ಅಗೆಯೋದು ಯಾವಾಗ?" ಎಂಜಿನಿಯರ್ ದಿಬ್ಬ ಹತ್ತಿ ಬಂದು ಕೇಳಿದ.

"ಬಯಲು ಮುಗೀಲಿ ತಡಿ. ನಿನ್ನ ಗಂಟೇನು ಹೋಯ್ತು?"

"ಬಯಲಲ್ಲಿ ಇಲಿ ಹಲ್ಲೂ ಸಿಕ್ಕಿಲ್ಲ!" ಅವನ ಹಿಂದೆಯೇ ಬಂದ ತಜ್ಞೆ ಸಲಿಕೆ ಬಿಸಾಡಿದಳು. "ನಿಮಗೆ ಮರೆವು ಬಂದಿದೆ ಅಜ್ಜಿ. ಒಪ್ಕೊಂಡ್‌ಬಿಡಿ."

"ನಾಲ್ಕಕ್ಷರ ಓದ್ಕೊಂಡಿದೀನಿ ಅಂತ ಹಾರಾಡಬೇಡ್ವೇ! ಅಗಿ ಅಂದ ಕಡೆ ಅಗಿ."

ಎಂಜಿನಿಯರ್ ಹಣೆ ಚಚ್ಚಿಕೊಂಡ. ಬಾಡಿಗೆಗೆ ತಂದ ಯಂತ್ರಗಳು ಬಿಸಿಲಲ್ಲಿ ಬಿದ್ದಿದ್ದವು. ಮೇಲಧಿಕಾರಿ ಫೋನಿನಲ್ಲೇ ಮಾನ ಕಳೆಯುತ್ತಿದ್ದ. ಮಳೆಗಾಲ ತಲೆಯ ಮೇಲೆ ಬಂದಿತ್ತು. ಈ ಜಗಳಗಂಟಿಯರನ್ನು ನಂಬಿಕೊಂಡರೆ ದಿಬ್ಬದ ಸರದಿ ಬರುವುದು ತಾನು ನಿವೃತ್ತನಾದ ಮೇಲೆಯೇ.

ಕೊನೆಗೊಂದು ದಿನ ಅವನು ಜೀಪಿನ ಮೇಲೆ ನಕ್ಷೆ ಹರವಿದ. "ಮೇಡಂ, ಬಯಲು ಖಾಲಿ ಅಂತ ಬರೆದುಕೊಡ್ತೀರಾ?"

"ಖಾಲಿ ಇರೋದನ್ನ ಖಾಲಿ ಅನ್ನೋಕೇನು?"

"ಹಾಗಿದ್ರೆ ರಸ್ತೆ ಅಲ್ಲಿಗೇ ತಿರುಗಿಸ್ತೀನಿ. ಈ ದಿಬ್ಬಾನ ನೀವೇ ತಲೆ ಮೇಲೆ ಹೊತ್ಕೊಂಡು ಕುಣೀರಿ!"

ತಜ್ಞೆ ನಿಟ್ಟುಸಿರುಬಿಟ್ಟಳು. "ನಿಮ್ಮಿಷ್ಟ."

ಹೊಸ ದಾರಿಗೆ ಕೋರ್ಟಿನ ಒಪ್ಪಿಗೆ ಸಿಕ್ಕಿತು. ಎಂಜಿನಿಯರ್ ಯಂತ್ರಗಳನ್ನು ಬಯಲಿಗೆ ಇಳಿಸಿಕೊಂಡು ಹೋದ. ಜೀಪಿನ ಸದ್ದು ಅಡಗಿದ ಮೇಲೆ ತಜ್ಞೆ ಚಪ್ಪಲಿ ಬಿಟ್ಟು ಡೇರೆಯೊಳಗೆ ಬಂದಳು.

"ಜಾಸ್ತಿ ಬೈದುಬಿಟ್ಟೆನಾ ಮಗಳೇ?" ಅಜ್ಜಿ ಕೇಳಿದಳು.

"ನಾನೇನು ಕಮ್ಮಿ ಬೈದ್ನಾ ಬಿಡಿ."

ಅಜ್ಜಿ ಚಾಪೆ ಸುತ್ತಿಟ್ಟು, ಇಷ್ಟು ದಿನ ತಾನು ಕೂತಿದ್ದ ನೆಲವನ್ನು ಮೆಲ್ಲಗೆ ತಟ್ಟಿದಳು. "ಎಲ್ಲಾ ಮಲಗ್ರಪ್ಪಾ. ಇನ್ಯಾರೂ ನಿಮ್ಮನ್ನ ಎಬ್ಬಿಸಲ್ಲ."