ಖಾಲಿ ಬಿಟ್ಟ ವರ್ಷ

ಬೆಳಿಗ್ಗೆಯಿಂದ ದಾನೇಶ್ವರಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ...

ಮಧ್ಯಾಹ್ನ ಒಂದು ಗಂಟೆಗೆ ನೆದರ್‌ಲ್ಯಾಂಡ್ಸ್‌ನ ಒಂದು ಯೂನಿವರ್ಸಿಟಿಯವರು ವಿಡಿಯೋ ಕಾಲ್‌ನಲ್ಲಿ ಇಂಟರ್‌ವ್ಯೂ ಮಾಡುವವರಿದ್ದರು. ಫುಡ್ ಟೆಕ್ನಾಲಜಿಯಲ್ಲಿ ಮಾಸ್ಟರ್ಸ್. ಸೀಟು ಸಿಕ್ಕರೆ ಸ್ಕಾಲರ್‌ಶಿಪ್ ಕೂಡ ಸಿಗುತ್ತಿತ್ತು.

ಆದರೆ ಅವಳನ್ನು ಕಾಡುತ್ತಿದ್ದದ್ದು ಇಂಟರ್‌ವ್ಯೂ ಅಲ್ಲ... ಒಂದು ಸುಳ್ಳು.

ಡಿಗ್ರಿ ಮುಗಿದ ಮೇಲಿನ ಒಂದು ವರ್ಷ ಅವಳ ಅಪ್ಲಿಕೇಶನ್‌ನಲ್ಲಿ ಖಾಲಿ ಇತ್ತು. ಆ ವರ್ಷ ಅವ್ವ ಗಿರಿಜವ್ವ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಗದಗಿನ ಬಸ್‌ಸ್ಟ್ಯಾಂಡ್ ಹತ್ತಿರದ ಅವರ ಖಾನಾವಳಿ ಮುಚ್ಚಬಾರದೆಂದು ಮಗಳೇ ರೊಟ್ಟಿ ಬಡಿಯಲು ಕೂತಿದ್ದಳು.

"ಗ್ಯಾಪ್ ಇದ್ರ ಕೇಳೇ ಕೇಳ್ತಾರ ಮೇಡಂ," ಅಂದಿದ್ದ ಕನ್ಸಲ್ಟೆನ್ಸಿಯವನು. "ಲ್ಯಾಬ್‌ನ್ಯಾಗ ಕೆಲಸ ಮಾಡೇನಿ ಅಂದ್ಬಿಡ್ರಿ. ಸರ್ಟಿಫಿಕೇಟ್ ನಾ ಮಾಡಿಸಿ ಕೊಡ್ತೀನಿ."

ಅವ್ವನೂ ಅದನ್ನೇ ಹಿಡಿದು ಕೂತಿದ್ದಳು. "ಲ್ಯಾಬ್ ಅಂತನ ಹೇಳವ್ವ. ರೊಟ್ಟಿ ಬಡದೇನಿ ಅಂದ್ರ ನಗತಾರ ಅವರು. ಮೊದಲ ನನ್ನ ಕೈ ಮುರದು ನಿನ್ನ ಒಂದು ವರ್ಷ ಹಾಳಾಗೇತಿ..."

ಇನ್ನೊಂದು ಕಟ್ಟಪ್ಪಣೆಯೂ ಅವ್ವನದೇ. "ವೀಸಾ ಕೈಗೆ ಬರೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ದೃಷ್ಟಿ ಆಗ್ತದ. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಬಾರದು."

ಹಾಗಾಗಿ ಊರವರಿಗಿರಲಿ, ಮನೆಯ ಕೆಳಗಿನ ಖಾನಾವಳಿಯಲ್ಲಿ ಆ ವರ್ಷದ ನಂತರ ರೊಟ್ಟಿ ಬಡಿಯಲು ಸೇರಿಕೊಂಡ ಫಕೀರವ್ವನಿಗೂ ಇಂಟರ್‌ವ್ಯೂ ವಿಷಯ ಗೊತ್ತಿರಲಿಲ್ಲ. ಸದ್ದಾಗಬಾರದೆಂದು ಗಿರಿಜವ್ವ ಬೆಳಿಗ್ಗೆಯೇ ಬುಟ್ಟಿ ತುಂಬ ರೊಟ್ಟಿ ಮಾಡಿಸಿಟ್ಟು, ಮಹಡಿಯ ಮೆಟ್ಟಿಲ ಮೇಲೆ ಕಾವಲು ಕೂತಳು.

ಒಂದು ಗಂಟೆ... ಕಾಲ್ ಬಂತು.

ಪರದೆಯ ಮೇಲೆ ಬಿಳಿಗೂದಲಿನ ಒಬ್ಬ ಪ್ರೊಫೆಸರಮ್ಮ. ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು.

ಅಷ್ಟರಲ್ಲಿ ಕೆಳಗೆ ಮದುವೆ ದಿಬ್ಬಣದ ಒಂದು ಬಸ್ಸು ಬಂದು ನಿಂತಿತು! ಬುಟ್ಟಿ ನೋಡನೋಡುತ್ತಲೇ ಖಾಲಿಯಾಯಿತು. ಪಾಪ, ಫಕೀರವ್ವನಿಗೇನು ಗೊತ್ತು? ಸೆರಗು ಸಿಕ್ಕಿಸಿ ಕೂತೇಬಿಟ್ಟಳು.

ಟಪ್ ಟಪ್ ಟಪ್ ಟಪ್...

"ನಿಮ್ಮ ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಖಾಲಿ ಇದೆ. ಏನು ಮಾಡುತ್ತಿದ್ದಿರಿ?" ಎಂದು ಕೇಳಿದ ಪ್ರೊಫೆಸರ್, ಕಿವಿಗೊಟ್ಟು, "ಅದೇನು ಸದ್ದು?" ಅಂದರು.

ಎರಡು ಪ್ರಶ್ನೆ ಒಟ್ಟಿಗೇ ಬಂದವು. 'ಲ್ಯಾಬ್' ಎಂಬ ಮಾತು ದಾನೇಶ್ವರಿಯ ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದಾರೆ ಅಂದರೆ ಇನ್ನೊಂದಕ್ಕೂ ಉತ್ತರ ಆಗುತ್ತಿತ್ತು...

ಆದರೆ ಆ ಸದ್ದು ಕೇಳುತ್ತಿದ್ದಂತೆ ಅವಳ ಅಂಗೈ ತಾನಾಗಿಯೇ ಬಿಸಿಯಾಯಿತು. ಇಡೀ ಒಂದು ವರ್ಷ ಆ ಸದ್ದು ಅವಳದೇ ಆಗಿತ್ತಲ್ಲ!

"ಮೇಡಂ, ನಿಮ್ಮ ಎರಡು ಪ್ರಶ್ನೆಗೂ ಒಂದೇ ಉತ್ತರ," ಅಂದಳು ಇಂಗ್ಲಿಷಿನಲ್ಲಿ. "ಅದು ರೊಟ್ಟಿ ಬಡಿಯುವ ಸದ್ದು. ಆ ವರ್ಷ ನಾನು ಮಾಡಿದ್ದು ಅದನ್ನೇ."

ಮಾತು ಕಟ್ಟೆ ಒಡೆದು ಬಂತು. "ಜೋಳದಲ್ಲಿ ಗೋಧಿಯ ಹಾಗೆ ಅಂಟಿಲ್ಲ. ಕುದಿಯುವ ನೀರು ಹಾಕಿ ನಾದದಿದ್ದರೆ ರೊಟ್ಟಿ ಒಡೆಯುತ್ತದೆ. ಮೊದಮೊದಲು ನನ್ನವೆಲ್ಲ ಒಡೆದವು, ಊಟಕ್ಕೆ ಬಂದವರು ಬೈದರು. ಬಿಸಿನೀರು ಹಾಕಿದರೂ ಹಳೇ ಹಿಟ್ಟು ಯಾಕೆ ಒಡೆಯುತ್ತದೆ, ಹೊಸದು ಯಾಕೆ ಹಿಡಿದುಕೊಳ್ಳುತ್ತದೆ... ನನ್ನ ಪುಸ್ತಕಗಳಲ್ಲಿ ಹುಡುಕಿದೆ, ಸಿಗಲಿಲ್ಲ. ನಿಮ್ಮಲ್ಲಿಗೆ ಬರಬೇಕು ಅನ್ನಿಸಿದ್ದೇ ಅದಕ್ಕೆ."

ಮೆಟ್ಟಿಲ ಮೇಲಿದ್ದ ಗಿರಿಜವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಕೇಳಿಸಿದ್ದು ಒಂದೇ ಮಾತು... ರೊಟ್ಟಿ. ಮತ್ತೆ ರೊಟ್ಟಿ!

ಹಣೆ ಹಣೆ ಬಡಿದುಕೊಂಡಳು. ಎಲ್ಲ ಮುಗೀತು ಅಂದುಕೊಂಡು ಕೆಳಗೆ ಓಡಿ ಫಕೀರವ್ವನ ಕೈ ಹಿಡಿದು ನಿಲ್ಲಿಸಿದಳು.

ಸದ್ದು ನಿಂತಿತು.

"ಯಾಕೆ ನಿಂತಿತು? ನಾನು ಅದನ್ನು ನೋಡಬಹುದೇ?" ಅಂದರು ಪ್ರೊಫೆಸರ್.

ದಾನೇಶ್ವರಿ ಲ್ಯಾಪ್‌ಟಾಪ್ ಎತ್ತಿಕೊಂಡು ಮೆಟ್ಟಿಲಿಳಿದಳು. ಅವ್ವ ಅಳುತ್ತ ನಿಂತಿದ್ದಳು.

"ಯಾಕವ್ವ ನಿಲ್ಲಿಸಿದಿ? ಅವರು ನೋಡಬೇಕಂತ."

"ಏನು ನೋಡಬೇಕಂತ?"

"ರೊಟ್ಟಿ, ಅವ್ವಾ. ನೀ ಕಲಿಸಿದ್ದು."

ಲ್ಯಾಪ್‌ಟಾಪನ್ನು ಅವ್ವನ ಕೈಗೆ ಕೊಟ್ಟು ತಾನೇ ರೊಟ್ಟಿ ಬಡಿಯಲು ಕೂತಳು. ನೀರು ಸವರಿದ ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಂತಾಗ ಅಲ್ಲಿ ಪ್ರೊಫೆಸರಮ್ಮ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಯಾರೂ ನಗಲಿಲ್ಲ.

ಆಮೇಲೆ ಶುರುವಾಯಿತು ನೋಡಿ ನಿಜವಾದ ಪರದಾಟ... ಉಣ್ಣುವಾಗ ಮೊಬೈಲ್, ಹಿಟ್ಟು ನಾದುವಾಗ ಮೊಬೈಲ್. ಮೆಸೇಜ್ ಬಂದ ಸದ್ದಾದರೆ ಹಿಟ್ಟಿನ ಕೈಯಲ್ಲೇ ಎತ್ತಿಕೊಳ್ಳುವುದು, ನೋಡಿದರೆ ರೀಚಾರ್ಜ್ ಆಫರ್! ಸುಳ್ಳೇ ಹೇಳಬೇಕಿತ್ತೇನೋ ಅಂತ ಒಮ್ಮೆ, ಹೇಳದಿದ್ದದ್ದೇ ಸರಿ ಅಂತ ಇನ್ನೊಮ್ಮೆ.

ಕೊನೆಗೊಂದು ಮಧ್ಯಾಹ್ನ, ಖಾನಾವಳಿ ತುಂಬಿದ್ದಾಗ, ಮೇಲ್ ಬಂತು.

ಸೀಟು... ಸ್ಕಾಲರ್‌ಶಿಪ್ ಸಮೇತ. ಕೆಳಗೊಂದು ಸಾಲು: 'ನಿಮ್ಮ ಜೋಳದ ಪ್ರಶ್ನೆಯನ್ನು ಮರೆಯದೆ ತನ್ನಿ.'

ದಾನೇಶ್ವರಿ ಅವ್ವನ ಕಿವಿಯಲ್ಲಿ ಪಿಸುಗುಟ್ಟಿದಳು. ಗಿರಿಜವ್ವ ತನ್ನ ಸೊಟ್ಟಗೆ ಕೂಡಿಕೊಂಡ ಬಲಗೈಯನ್ನು ಒಂದು ಗಳಿಗೆ ನೋಡಿಕೊಂಡಳು. ಆಮೇಲೆ ಊಟಕ್ಕೆ ಕೂತವರೆಲ್ಲ ಬೆಚ್ಚಿಬೀಳುವಂತೆ ಕೂಗಿದಳು...

"ನನ್ನ ಮಗಳಿಗೆ ಫಾರೇನ್‌ನ್ಯಾಗ ಸೀಟ್ ಸಿಕ್ಕೇತ್ರೀ! ರೊಟ್ಟಿ ಬಡದಾಕಿಗೆ!"

"ಅವ್ವಾ, ವೀಸಾ ಇನ್ನೂ ಆಗಿಲ್ಲ... ದೃಷ್ಟಿ ಆಗ್ತದ..."

"ಆಗಲಿ ಬಿಡು," ಅಂದಳು ಗಿರಿಜವ್ವ ಕಣ್ಣೊರೆಸಿಕೊಳ್ಳುತ್ತ. "ಇಷ್ಟ ದಿನ ಮುಚ್ಚಿಟ್ಟದ್ದು ಸಾಕು."

*

ನಾವು ನಾಚಿ ಮುಚ್ಚಿಡುವ ವರ್ಷವೇ ಎಷ್ಟೋ ಸಲ ನಮಗೆ ಹೆಚ್ಚು ಕಲಿಸಿರುತ್ತದೆ.

ನಿಮ್ಮ ಬಯೋಡೇಟಾದಲ್ಲಿ ನೀವು ಖಾಲಿ ಬಿಟ್ಟ ವರ್ಷ ಯಾವುದು... ಅದರ ಬಗ್ಗೆ ಯಾರಾದರೂ ಕೇಳಿದರೆ ಇವತ್ತು ಏನು ಹೇಳುತ್ತೀರಿ?