ಹೆಸರಿನ ಮೇಷ್ಟ್ರ ವಿಳಾಸ

"ಸರ್, ನಿಮ್ಮ ಧ್ವನಿ ನಂಗೆ ಚೆನ್ನಾಗಿ ಗೊತ್ತು. ಕೆಲಸ ಕಲಿಸಿದವರೇ ನೀವು. ಆದ್ರೆ ಫೋನಲ್ಲಿ ಪಾಸ್‌ವರ್ಡ್ ಕೊಡೋಕಾಗಲ್ಲ," ಅಂದಳು ನೋಂದಣಿ ಕಚೇರಿಯ ಹುಡುಗಿ.

ಹೆಸರಿನ ಮೇಷ್ಟ್ರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವೆಬ್‌ಸೈಟುಗಳಿಗೆ ಹೆಸರು ಹಂಚುವ ಅದೇ ಕಚೇರಿಯಲ್ಲಿ ಮೂವತ್ತು ವರ್ಷ ಸವೆಸಿ ನಿವೃತ್ತರಾದವರು ಅವರು. ಶುರುವಿನ ದಿನಗಳಲ್ಲಿ ಎಲ್ಲ ಹೆಸರುಗಳೂ ಒಂದೇ ಪಟ್ಟಿಯಲ್ಲಿ ಹಿಡಿಸುತ್ತಿದ್ದವು. ಯಾರಾದರೂ ಫೋನ್ ಮಾಡಿ ಕೇಳಿದರೆ ಸಾಕು, ಮೇಷ್ಟ್ರು ಒಂದು ಕೈಯಲ್ಲಿ ಚಹಾ ಹಿಡಿದೇ ಹೆಸರನ್ನೂ ಅದರ ಮುಂದೆ ಕಂಪ್ಯೂಟರಿನ ಅಂಕಿ ವಿಳಾಸವನ್ನೂ ಕುಟ್ಟಿಬಿಡುತ್ತಿದ್ದರು. ಅಲ್ಲಿಗೆ ಕೆಲಸ ಮುಗಿಯಿತು.

ಅಂಥವರ ಹೆಂಡತಿಯ ಹಲ್ಲಿನ ಕ್ಲಿನಿಕ್ಕಿನ ವೆಬ್‌ಸೈಟ್ ಹೆಸರೇ ಈಗ ಅವಧಿ ಮುಗಿದು ಬಿದ್ದಿತ್ತು. ನವೀಕರಿಸಿ ಅಂತ ಆರು ನೋಟಿಸು ಬಂದಿದ್ದವು. ಅವುಗಳ ಒಕ್ಕಣೆ ಬರೆದವರೇ ತಾವು, ಇನ್ನು ಓದುವುದೇನಿದೆ ಅಂತ ಮೇಷ್ಟ್ರು ಒಂದನ್ನೂ ತೆರೆದಿರಲಿಲ್ಲ. ಪಾಸ್‌ವರ್ಡ್ ಮರೆತುಹೋಗಿತ್ತು. ಹೊಸದು ಹೋಗುವುದು ಕ್ಲಿನಿಕ್ಕಿನ ಇಮೇಲಿಗೆ. ಹೆಸರಿನ ಜೊತೆ ಅದೂ ನಿಂತುಹೋಗಿತ್ತು. ಕೀಲಿ ಒಳಗೆ ಬಿಟ್ಟು ಬಾಗಿಲು ಎಳೆದುಕೊಳ್ಳಬೇಡಿ ಅಂತ ಊರಿಗೆಲ್ಲ ಪಾಠ ಹೇಳಿದ ಮಹಾನುಭಾವರು!

"ಹಂಗಾದ್ರೆ ದಾರಿ ಏನಮ್ಮಾ?"

"ದಾಖಲೆಯಲ್ಲಿರೋ ಮನೆ ವಿಳಾಸಕ್ಕೆ ಅಂಚೆಯಲ್ಲಿ ಗುಟ್ಟಿನ ಸಂಖ್ಯೆ ಕಳಿಸ್ತೀವಿ ಸರ್. ಶುಕ್ರವಾರ ಸಂಜೆಯೊಳಗೆ ಅದನ್ನ ಹಾಕದಿದ್ರೆ ಹೆಸರು ಯಾರು ಬೇಕಾದ್ರೂ ತಗೋಬಹುದು. ಆಗ್ಲೇ ಇನ್ನೊಬ್ಬ ಡಾಕ್ಟ್ರು ಕಾಯ್ತಿದಾರೆ."

"ಅಯ್ಯೋ, ಅದು ಹಳೇ ಮನೆ ಕಣಮ್ಮಾ! ಹೊಸ ವಿಳಾಸ ಬರ್ಕೋ."

"ಆಗಲ್ಲ ಸರ್. ಫೋನಲ್ಲೂ ಇಲ್ಲ, ಖುದ್ದಾಗಿ ಬಂದ್ರೂ ಇಲ್ಲ. ಒಂಬತ್ತನೇ ನಿಯಮ."

"ಯಾವ ಪುಣ್ಯಾತ್ಮ ಬರೆದಿದ್ದು ಅದನ್ನ?"

ಹುಡುಗಿ ದನಿ ತಗ್ಗಿಸಿದಳು. "ಕೆಳಗೆ ನಿಮ್ದೇ ಸಹಿ ಇದೆ ಸರ್."

ಇತ್ತು. ಪರಿಚಯದ ಧ್ವನಿ ಅಂತ ನಂಬಿ, ಯಾರದೋ ಹೆಸರನ್ನು ಒಬ್ಬ ಠಕ್ಕನಿಗೆ ಕೊಟ್ಟು ಮುಖಕ್ಕೆ ಮಸಿ ಬಳಿದುಕೊಂಡ ಮಾರನೆಯ ದಿನ ರೋಷದಲ್ಲಿ ಬರೆದ ನಿಯಮ. ಮನುಷ್ಯರನ್ನು ನಂಬಬೇಡಿ, ದಾಖಲೆಯಲ್ಲಿರುವ ವಿಳಾಸವನ್ನು ನಂಬಿ ಅನ್ನುವುದು ಅದರ ಸಾರಾಂಶ.

"ಇಪ್ಪತ್ತೆರಡು ವರ್ಷದಿಂದ ಆ ಹೆಸರು ಹುಡುಕ್ಕೊಂಡು ಬರ್ತಿದಾರೆ ಕಣ್ರೀ," ಅಂದರು ಹೆಂಡತಿ. "ಶನಿವಾರದಿಂದ ನನ್ನ ಪೇಷಂಟುಗಳು ಅದೇ ಹೆಸರು ನೋಡಿ ಇನ್ಯಾರ ಮುಂದೋ ಬಾಯಿ ತೆಗೀತಾರೆ." ಅವರ ಕಣ್ಣು ತುಂಬಿತ್ತು. ಮೇಷ್ಟ್ರಿಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು.

ಶುಕ್ರವಾರ ಮಧ್ಯಾಹ್ನ ಇಬ್ಬರೂ ಹನ್ನೊಂದು ವರ್ಷದ ಹಿಂದೆ ಬಿಟ್ಟ ಮನೆಯ ಮುಂದೆ ಕಾರು ನಿಲ್ಲಿಸಿದರು. ಹೆಂಡತಿ ಕಾರಿನಲ್ಲೇ ಕೂತರು. ಮೇಷ್ಟ್ರು ಬೆಲ್ ಒತ್ತಿ, ಬಾಗಿಲು ತೆರೆದ ಹೆಂಗಸಿಗೆ ತಮ್ಮ ಹೆಸರು ಹೇಳಿ, ಲಕೋಟೆ ಏನಾದರೂ ಬಂದಿತ್ತಾ ಅಂತ ಕೇಳಿದರು.

"ಬಂದಿತ್ತಲ್ಲ, ನಿನ್ನೆ!"

ಹೋದ ಜೀವ ಬಂದಂತಾಯಿತು. "ಕೊಡಿ ತಾಯಿ, ನಿಮಗೆ ಪುಣ್ಯ ಬರ್ಲಿ."

"ಅಯ್ಯೋ, ಅದನ್ನ ಇಟ್ಕೊಳ್ಳಲಿಲ್ಲ. ಈ ವಿಳಾಸದಲ್ಲಿ ಇಂಥವರು ಯಾರೂ ಇಲ್ಲ ಅಂತ ಮೇಲೆ ಬರೆದು ಪೋಸ್ಟ್‌ಮ್ಯಾನ್ ಕೈಗೇ ವಾಪಸ್ ಕೊಟ್ಟೆ. ಗೊತ್ತಿಲ್ಲದವರ ಕಾಗದ ಇಟ್ಕೊಳ್ಳೋದು ತಪ್ಪಲ್ವಾ?"

ಮೇಷ್ಟ್ರದು ಮೂವತ್ತು ವರ್ಷದ ಅಭ್ಯಾಸ, ನಾಲಿಗೆ ತಾನಾಗೇ ಆಡಿತು. "ತಪ್ಪೇ. ನೀವು ಮಾಡಿದ್ದೇ ಸರಿ. ನಮ್ಮ ಕಚೇರಿಗೆ ನಿಮ್ಮಂಥವರು ಬೇಕಿತ್ತು."

ಗೇಟು ದಾಟಿ ಬರುತ್ತಿದ್ದ ಗಂಡನ ಬರಿಗೈ ನೋಡಿ ಹೆಂಡತಿ ಕಾರಿನ ಗಾಜು ಇಳಿಸಿದರು.

"ಏನಂತ್ರೀ?"

"ನಾನು ಇಲ್ಲಿ ಇಲ್ವಂತೆ ಕಣೇ."